ಒಂದೂಕಾಲು ಲಕ್ಷ ವರ್ಷದ ಲೆಕ್ಕ ಎಲ್ಲಿಂದ ಬಂತು? ಕಡಲ ತಳದ ಚಿಪ್ಪು, ಹಿಮಯುಗ ಮತ್ತು ಮಲೆನಾಡಿನ ಮಳೆ

2023ರ ನವೆಂಬರ್‌ನಲ್ಲಿ ಯುರೋಪಿನ ಕೊಪರ್ನಿಕಸ್ ಹವಾಮಾನ ಸೇವೆ ಹೇಳಿದ ಒಂದು ಮಾತು ಎಲ್ಲ ಪತ್ರಿಕೆಗಳಲ್ಲೂ ತಲೆಬರಹವಾಯಿತು. ಕಳೆದ 1,25,000 ವರ್ಷಗಳಲ್ಲೇ ಈ ವರ್ಷ ಅತ್ಯಂತ ಬಿಸಿ ಎಂಬುದು ಆ ಮಾತು. ಆ ವರ್ಷದ ಆಗಸ್ಟ್ ತಿಂಗಳು ದೇಶದಲ್ಲಿ 1901ರ ನಂತರ ಕಂಡ ಅತಿ ಒಣ ಆಗಸ್ಟ್ ಆಗಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಮರುವರ್ಷ ಜುಲೈನಲ್ಲಿ ಎಲ್ಲವೂ ತಿರುಗುಮುರುಗಾಯಿತು. ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಜರಿದು ಶಿರಾಡಿ ಘಾಟಿಯ ಸಂಚಾರವೇ ನಿಂತಿತು. 2025ರ ಜನವರಿಯಲ್ಲಿ ವಿಶ್ವ ಹವಾಮಾನ ಸಂಸ್ಥೆ ಇನ್ನೊಂದು ಲೆಕ್ಕ ಮುಂದಿಟ್ಟಿತು. 2024ರ ಜಾಗತಿಕ ಉಷ್ಣತೆ ಕೈಗಾರಿಕೆಗೆ ಮುಂಚಿನ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಾಗಿತ್ತು.

ಇಂಥ ಸುದ್ದಿ ಓದಿದವರಿಗೆ ಎರಡು ಸಂಶಯಗಳು ಮೂಡುತ್ತವೆ, ಎರಡೂ ನ್ಯಾಯವಾದವು. ಉಷ್ಣತಾಮಾಪಕ ಹಿಡಿದು ಜಗತ್ತಿನ ಸರಾಸರಿ ಲೆಕ್ಕ ಹಾಕಲು ಸಾಧ್ಯವಾದದ್ದು 1850ರ ಈಚೆಗೆ. ಹಾಗಿದ್ದರೆ ಒಂದೂಕಾಲು ಲಕ್ಷ ವರ್ಷದ ದಾಖಲೆಯನ್ನು ಯಾರು ಬರೆದಿಟ್ಟಿದ್ದರು? ಎರಡನೆಯದು ಇನ್ನೂ ಚುರುಕಾದ ಪ್ರಶ್ನೆ. ಆಗ ಕಾರ್ಖಾನೆಯೂ ಇರಲಿಲ್ಲ, ಲಾರಿಯೂ ಇರಲಿಲ್ಲ. ಆದರೂ ಭೂಮಿ ಬಿಸಿಯಾಗಿತ್ತು ಎಂದಾದರೆ ಈಗಿನದನ್ನು ಮನುಷ್ಯನ ತಲೆಗೆ ಕಟ್ಟುವುದೇಕೆ?

ಎರಡಕ್ಕೂ ಉತ್ತರ ಇರುವುದು ಒಂದೇ ಕಡೆ, ಕಡಲ ತಳದ ಕೆಸರಿನಲ್ಲಿ.

ಮರಳಿನ ಕಾಳಿನಷ್ಟು ಚಿಪ್ಪು

ಈಜುವ ಶಕ್ತಿಯಿಲ್ಲದೆ ನೀರು ಒಯ್ದ ಕಡೆಗೆ ತೇಲುತ್ತ ಬದುಕುವ ಜೀವಿಗಳನ್ನು ಪ್ಲವಕ ಅಥವಾ ಪ್ಲಾಂಕ್ಟನ್ ಎನ್ನುತ್ತಾರೆ. ಅವುಗಳಲ್ಲಿ ಫೊರಾಮಿನಿಫೆರಾ ಎಂಬುದು ಒಂದು ಗುಂಪು. ದೇಹವೆಲ್ಲ ಒಂದೇ ಜೀವಕೋಶ. ಆದರೂ ಸಮುದ್ರದ ನೀರಿನಲ್ಲಿರುವ ಸುಣ್ಣದಂಶವನ್ನು ಹೀರಿಕೊಂಡು ಅದು ತನಗೊಂದು ಚಿಪ್ಪು ಕಟ್ಟಿಕೊಳ್ಳುತ್ತದೆ. ಮೊದಲು ಒಂದು ಗುಂಡನೆಯ ಕೋಣೆ, ಅದಕ್ಕೆ ಅಂಟಿದಂತೆ ಅದಕ್ಕಿಂತ ದೊಡ್ಡ ಇನ್ನೊಂದು, ಆಮೇಲೆ ಮತ್ತೊಂದು. ಕೋಣೆಗಳು ಸುರುಳಿಯಾಗಿ ಬೆಳೆಯುತ್ತವೆ. ಇಡೀ ಚಿಪ್ಪು ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ಬರಿಗಣ್ಣಿಗೆ ಬಿಳಿ ಮರಳಿನ ಕಾಳು; ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗೊಂಚಲು ಕಟ್ಟಿದ ಗುಳ್ಳೆಗಳು, ಗುಳ್ಳೆಯ ಮೈಯೆಲ್ಲ ಸೂಜಿ ಚುಚ್ಚಿದಂಥ ರಂಧ್ರಗಳು.

ಕೆಲವು ವಾರ ಬದುಕಿ ಜೀವಿ ಸಾಯುತ್ತದೆ, ಚಿಪ್ಪು ತಳಕ್ಕಿಳಿಯುತ್ತದೆ. ಅದರ ಮೇಲೆ ಇನ್ನೊಂದು, ಅದರ ಮೇಲೆ ನದಿಗಳು ತಂದ ಜೇಡಿ, ಗಾಳಿ ಹೊತ್ತು ತಂದ ಧೂಳು. ಗೊರೂರಿನ ಹೇಮಾವತಿ ಜಲಾಶಯದಲ್ಲಿ ವರ್ಷವರ್ಷವೂ ಹೂಳು ಕೂರುವುದನ್ನು ಬಲ್ಲವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ವೇಗ ಮಾತ್ರ ಬೇರೆ. ನಡುಗಡಲಿನಲ್ಲಿ ಸಾವಿರ ವರ್ಷಕ್ಕೆ ಕೂರುವುದು ಕೆಲವೇ ಸೆಂಟಿಮೀಟರ್ ಹೂಳು. ಎರಡು ಸೆಂಟಿಮೀಟರ್ ಎಂದು ಹಿಡಿದರೂ ಒಂದೂಕಾಲು ಲಕ್ಷ ವರ್ಷ ಎಂದರೆ ಎರಡೂವರೆ ಮೀಟರ್ ಆಳ. ಸುದ್ದಿಯಲ್ಲಿ ಎಟುಕದಷ್ಟು ದೂರ ಎನಿಸುವ ಆ ಸಂಖ್ಯೆ ಕಡಲ ತಳದಲ್ಲಿ ಒಂದಾಳುದ್ದಕ್ಕಿಂತ ತುಸು ಹೆಚ್ಚು, ಅಷ್ಟೆ.

ಹಡಗಿನಿಂದ ಉದ್ದನೆಯ ಕೊಳವೆಯನ್ನು ಈ ಕೆಸರಿಗೆ ಇಳಿಸಿ, ಪದರಗಳು ಕದಡದಂತೆ ಮೇಲೆತ್ತುತ್ತಾರೆ. ಆ ಕೆಸರಿನ ಕಂಬವನ್ನು ಉದ್ದಕ್ಕೆ ಸೀಳಿ, ಒಂದೆರಡು ಸೆಂಟಿಮೀಟರಿಗೊಂದರಂತೆ ಚೂರು ತೆಗೆದು, ಅತಿ ಸಣ್ಣ ಕಣ್ಣಿನ ಜರಡಿಯ ಮೇಲಿಟ್ಟು ನೀರು ಹಾಯಿಸುತ್ತಾರೆ. ಜೇಡಿ ತೊಳೆದುಹೋಗಿ ಚಿಪ್ಪುಗಳು ಉಳಿಯುತ್ತವೆ. ಒಣಗಿಸಿ ಕಪ್ಪು ತಟ್ಟೆಯ ಮೇಲೆ ಹರಡಿ, ಕೂದಲಿನಷ್ಟು ಸಣ್ಣ ಕುಂಚದ ತುದಿಯನ್ನು ಒದ್ದೆ ಮಾಡಿ, ಒಂದೊಂದೇ ಚಿಪ್ಪನ್ನು ಎತ್ತಿ ಜಾತಿವಾರು ಬೇರೆ ಮಾಡುತ್ತಾರೆ. ಒಂದು ಚೂರಿಗೆ ಸುಮಾರು 300 ಚಿಪ್ಪು ಎಣಿಸುವುದು ರೂಢಿ. ಒಂದು ಕಂಬದಲ್ಲಿ ಇಂಥ ನೂರಾರು ಚೂರುಗಳು. ಪತ್ರಿಕೆಯ ಒಂದು ಸಾಲಿನ ಹಿಂದೆ ಇಂಥ ಎಣಿಕೆಯ ಎಷ್ಟು ವರ್ಷಗಳಿವೆ ಎಂಬುದನ್ನು ಆ ಸುದ್ದಿಯನ್ನು ಅಲ್ಲಗಳೆಯುವವರೂ ತಿಳಿದಿರಬೇಕು, ಕಣ್ಣುಮುಚ್ಚಿ ನಂಬುವವರೂ ತಿಳಿದಿರಬೇಕು.

ಯಾವ ಪದರ ಎಷ್ಟು ಹಳೆಯದು ಎಂಬುದನ್ನು ಹಲವು ಗುರುತುಗಳಿಂದ ತಾಳೆ ನೋಡುತ್ತಾರೆ. ಸುಮಾರು 50,000 ವರ್ಷದವರೆಗೆ, ಕಾಲ ಕಳೆದಂತೆ ಗೊತ್ತಾದ ಲೆಕ್ಕದಲ್ಲಿ ಸವೆಯುವ ಇಂಗಾಲ-14 ನೆರವಾಗುತ್ತದೆ. ಸುಮಾತ್ರಾದ ತೋಬಾ ಜ್ವಾಲಾಮುಖಿ ಸುಮಾರು 74,000 ವರ್ಷಗಳ ಹಿಂದೆ ಸಿಡಿದಾಗ ಬಂದ ಬೂದಿ ಅರಬ್ಬಿ ಸಮುದ್ರದ ಕೆಸರಿನಲ್ಲೂ ಬಂಗಾಳ ಕೊಲ್ಲಿಯ ಕೆಸರಿನಲ್ಲೂ ಸಿಗುತ್ತದೆ. ಇನ್ನೊಂದು ಗುರುತು ಬಹಳ ಚೆಲುವಾದುದು. ಗ್ಲೋಬಿಜೆರಿನಾಯ್ಡಿಸ್ ರೂಬರ್ ಎಂಬ ಜಾತಿಯಲ್ಲಿ ನಸುಗೆಂಪು ಚಿಪ್ಪಿನ ಬಗೆಯೊಂದಿದೆ. ಅಟ್ಲಾಂಟಿಕ್‌ನಲ್ಲಿ ಅದು ಇಂದಿಗೂ ಬದುಕಿದೆ. ಹಿಂದೂ ಮಹಾಸಾಗರದಿಂದ ಮಾತ್ರ ಸುಮಾರು 1,20,000 ವರ್ಷಗಳ ಹಿಂದೆ ಕಣ್ಮರೆಯಾಯಿತು. ನಮ್ಮ ಕಡೆಯ ಕೆಸರಿನ ಕಂಬದಲ್ಲಿ ಕೆಳಗಿಳಿಯುತ್ತ ಹೋದಂತೆ ಬಿಳಿ ಚಿಪ್ಪುಗಳ ನಡುವೆ ಮೊದಲ ನಸುಗೆಂಪು ಚಿಪ್ಪು ಕಂಡಿತೆಂದರೆ, ಆ ಸುದ್ದಿ ಹೇಳಿದ ಕಾಲಕ್ಕೆ ಹೆಚ್ಚುಕಡಿಮೆ ಬಂದು ತಲುಪಿದಂತೆ.

ಬಿಸಿಲೆಯ ದಿಣ್ಣೆಯಿಂದ ಎರಡು ಕಡಲಿಗೆ

ಬಾಬಾಬುಡನ್‌ಗಿರಿಯ ಬಂಡೆಗಳಲ್ಲಿ ಇಂಥ ಪಳೆಯುಳಿಕೆ ಹುಡುಕಿ ಪ್ರಯೋಜನವಿಲ್ಲ. ಅವು 250 ಕೋಟಿ ವರ್ಷಕ್ಕೂ ಹಳೆಯವು. ತೇಲುವ ಫೊರಾಮಿನಿಫೆರಾ ಹುಟ್ಟಿದ್ದು ಇಪ್ಪತ್ತು ಕೋಟಿ ವರ್ಷಗಳಿಂದ ಈಚೆಗೆ. ಆದರೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಳೆಗೂ ಆ ಕೆಸರಿಗೂ ನೇರ ನಂಟಿದೆ. ಸಕಲೇಶಪುರ ತಾಲ್ಲೂಕಿನ ಬಿಸಿಲೆ ಬಳಿ ಒಂದು ದಿಣ್ಣೆಯಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಕುಮಾರಧಾರಾ, ನೇತ್ರಾವತಿ ಸೇರಿ ಮಂಗಳೂರಿನ ಬಳಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಬದಿಗೆ ಬಿದ್ದದ್ದು ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ. ತುಂಗಾ, ಭದ್ರಾ ನದಿಗಳ ನೀರೂ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನೇ ಸೇರುತ್ತದೆ. ಕಡಲಿಗೆ ಸಿಹಿನೀರು ಎಷ್ಟು ಬಂತು ಎಂಬುದು ಅಲ್ಲಿನ ಮೇಲ್ಪದರದ ಉಪ್ಪಿನಂಶವನ್ನು ಬದಲಿಸುತ್ತದೆ. ಆ ನೀರಿನಲ್ಲಿ ಬೆಳೆದ ಚಿಪ್ಪು ಅದನ್ನು ತನ್ನ ಸುಣ್ಣದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ.

ಚಿಪ್ಪು ನೋಡಿ ಚಳಿ ಹೇಳುವುದು

ಮೊದಲ ದಾರಿ ಸರಳ. ಯಾವ ಜಾತಿ ಯಾವ ನೀರಿಗೆ ಒಗ್ಗುತ್ತದೆ ಎಂದು ಇಂದಿನ ಕಡಲಿನಲ್ಲಿ ನೋಡಿ, ಕೆಸರಿನಲ್ಲಿ ಅದೇ ಜಾತಿ ಹೆಚ್ಚಿದಾಗ ಅಂಥ ನೀರು ಇತ್ತು ಎಂದು ತಿಳಿಯುವುದು. 1930ರ ದಶಕದಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಶಾಟ್ ಅಟ್ಲಾಂಟಿಕ್‌ನ ಕೆಸರಿನಲ್ಲಿ ಇದನ್ನೇ ಕಂಡರು. ಬೆಚ್ಚನೆಯ ನೀರಿನ ಗ್ಲೋಬೊರೊಟೇಲಿಯಾ ಮೆನಾರ್ಡಿ ಎಂಬ ಜಾತಿ ಮೇಲಿನ ಪದರದಲ್ಲಿ ಹೇರಳವಾಗಿತ್ತು, ಅದರ ಕೆಳಗಿನ ಪದರದಲ್ಲಿ ಒಂದೂ ಇರಲಿಲ್ಲ. ಆ ಕೆಳಗಿನ ಪದರವೇ ಹಿಮಯುಗ.

ಎರಡನೆಯ ದಾರಿ ಆಮ್ಲಜನಕದ್ದು. ನೀರಿನಲ್ಲಿರುವ ಆಮ್ಲಜನಕದಲ್ಲಿ ಹಗುರವಾದ 16 ತೂಕದ್ದೇ ಬಹುಪಾಲು. ಸಾವಿರಕ್ಕೆ ಎರಡರಷ್ಟು ಮಾತ್ರ 18 ತೂಕದ ಭಾರದ ಬಗೆ. ಕಡಲಿನ ನೀರು ಆವಿಯಾಗುವಾಗ ಹಗುರವಾದದ್ದು ತುಸು ಸುಲಭವಾಗಿ ಮೇಲೇಳುತ್ತದೆ. ಕಣದಲ್ಲಿ ತೂರುವಾಗ ಹೊಟ್ಟು ಹಾರಿ ಕಾಳು ಕೆಳಗುಳಿಯುವ ಬಗೆಯದು ಇದು, ವ್ಯತ್ಯಾಸ ಮಾತ್ರ ಬಹಳ ಸೂಕ್ಷ್ಮ. ಸಾಮಾನ್ಯ ಕಾಲದಲ್ಲಿ ಆ ಹಗುರ ನೀರು ಮಳೆಯಾಗಿ, ಹೊಳೆಯಾಗಿ ಮರಳಿ ಕಡಲಿಗೇ ಬರುತ್ತದೆ. ಹಿಮಯುಗದಲ್ಲಿ ಅದು ಕೆನಡಾ ಮತ್ತು ಉತ್ತರ ಯುರೋಪಿನ ಮೇಲೆ ಹಿಮವಾಗಿ ಬಿದ್ದು ಅಲ್ಲೇ ಗಡ್ಡೆಗಟ್ಟಿ ಉಳಿಯಿತು. ಕಡಲಿನಲ್ಲಿ ಭಾರದ ಆಮ್ಲಜನಕದ ಪಾಲು ಏರಿತು, ಚಿಪ್ಪಿನಲ್ಲೂ ಏರಿತು. ಜೊತೆಗೆ ಇನ್ನೊಂದು ತೊಡಕಿದೆ: ನೀರು ತಣ್ಣಗಾದಷ್ಟೂ ಚಿಪ್ಪು ಭಾರದ ಆಮ್ಲಜನಕವನ್ನು ಹೆಚ್ಚು ಸೇರಿಸಿಕೊಳ್ಳುತ್ತದೆ. ಹಾಗಾದರೆ ಚಿಪ್ಪು ಹೇಳುತ್ತಿರುವುದು ಹಿಮದ ಗಾತ್ರವನ್ನೋ, ನೀರಿನ ಚಳಿಯನ್ನೋ?

ಮೊದಲ ದೊಡ್ಡ ಜಗಳ ಇದರ ಮೇಲೆಯೇ ನಡೆಯಿತು. 1955ರಲ್ಲಿ ಭೂವಿಜ್ಞಾನಿ ಚೆಸಾರೆ ಎಮಿಲಿಯಾನಿ, ಇದರಲ್ಲಿ ಬಹುಪಾಲು ಉಷ್ಣತೆಯದೇ ಎಂದರು. ಅವರ ಲೆಕ್ಕದಲ್ಲಿ ಉಷ್ಣವಲಯದ ಕಡಲು ಹಿಮಯುಗದಲ್ಲಿ ಸುಮಾರು ಆರು ಡಿಗ್ರಿ ತಣ್ಣಗಾಗಿತ್ತು. 1967ರಲ್ಲಿ ಕೇಂಬ್ರಿಡ್ಜ್‌ನ ನಿಕೊಲಸ್ ಶಾಕಲ್ಟನ್ ಅದನ್ನು ಒಪ್ಪಲಿಲ್ಲ. ಅವರು ಆಳದ ತಳದಲ್ಲಿ ಬದುಕುವ ಫೊರಾಮಿನಿಫೆರಾಗಳ ಕಡೆ ಬೆರಳು ತೋರಿಸಿದರು. ಅಲ್ಲಿನ ನೀರು ಈಗಲೇ ಹೆಪ್ಪುಗಟ್ಟುವ ಮಟ್ಟದ ಹತ್ತಿರವಿದೆ, ಅದಕ್ಕಿಂತ ಹೆಚ್ಚು ತಣ್ಣಗಾಗಲು ಜಾಗವಿಲ್ಲ. ಆದರೂ ಅವುಗಳ ಚಿಪ್ಪಿನಲ್ಲಿ ಮೇಲ್ಪದರದ ಚಿಪ್ಪಿನಷ್ಟೇ ಬದಲಾವಣೆ ಕಾಣುತ್ತಿತ್ತು. ಹಾಗಾಗಿ ಬದಲಾವಣೆಯ ದೊಡ್ಡ ಪಾಲು ಹಿಮದ್ದು. ಈ ತರ್ಕ ಗೆದ್ದಿತು. ಆಮೇಲೆ ಉಷ್ಣತೆಯನ್ನು ಪ್ರತ್ಯೇಕವಾಗಿ ಅಳೆಯುವ ದಾರಿಗಳೂ ಸಿಕ್ಕವು. ನೀರು ಒಂದು ಡಿಗ್ರಿ ಬೆಚ್ಚಗಾದರೆ ಚಿಪ್ಪು ಸುಮಾರು ಶೇ. 9ರಷ್ಟು ಹೆಚ್ಚು ಮೆಗ್ನೀಸಿಯಂ ಸೇರಿಸಿಕೊಳ್ಳುತ್ತದೆ. ಕೊಕೊಲಿಥೊಫೋರ್ ಎಂಬ ಇನ್ನೂ ಸಣ್ಣ ಪಾಚಿಯಂಥ ಪ್ಲವಕ ಬಿಟ್ಟುಹೋಗುವ ಮೇಣದ ಅಣುಗಳೂ ನೀರಿನ ಉಷ್ಣತೆಗೆ ತಕ್ಕಂತೆ ಬದಲಾಗುತ್ತವೆ. ಆ ಪ್ಲವಕದ ಅತಿ ಸಾಮಾನ್ಯ ಜಾತಿಯ ಹೆಸರಿನಲ್ಲಿ ಎಮಿಲಿಯಾನಿಯವರ ಹೆಸರೇ ಸೇರಿದೆ: ಎಮಿಲಿಯಾನಿಯಾ ಹಕ್ಸ್ಲಿಯಿ.

ಸಣ್ಣ ತಳ್ಳು, ದೊಡ್ಡ ಉರುಳು

ಹಿಮಯುಗಗಳು ಏಕೆ ಬಂದವು, ಏಕೆ ಹೋದವು? ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಭೂಮಿಯ ಕಕ್ಷೆಯ ಆಕಾರ, ಅಕ್ಷದ ಬಾಗು, ಅಕ್ಷದ ತೊನೆದಾಟ ಸಾವಿರಾರು ವರ್ಷಗಳ ಲಯದಲ್ಲಿ ಬದಲಾಗುತ್ತವೆ. ಇದರಿಂದ ಭೂಮಿಯ ಉತ್ತರಾರ್ಧದ ಬೇಸಿಗೆಗೆ ಸಿಗುವ ಬಿಸಿಲು ಹೆಚ್ಚುಕಡಿಮೆಯಾಗುತ್ತದೆ. ಬೇಸಿಗೆ ತಣ್ಣಗಿದ್ದರೆ ಚಳಿಗಾಲದ ಹಿಮ ಕರಗದೆ ಉಳಿಯುತ್ತದೆ, ವರ್ಷದಿಂದ ವರ್ಷಕ್ಕೆ ಪೇರುತ್ತದೆ. ಸಾಕ್ಷಿ ಸಿಕ್ಕಿದ್ದು 1976ರಲ್ಲಿ. ಜೇಮ್ಸ್ ಹೇಸ್, ಜಾನ್ ಇಂಬ್ರಿ ಮತ್ತು ಶಾಕಲ್ಟನ್ ಎರಡು ಕೆಸರಿನ ಕಂಬಗಳಿಂದ ನಾಲ್ಕೂವರೆ ಲಕ್ಷ ವರ್ಷದ ದಾಖಲೆ ತೆಗೆದರು. ಪ್ಲವಕಗಳ ಏರಿಳಿತದಲ್ಲಿ ಕಕ್ಷೆಯ ಅದೇ ಲಯಗಳು ಕಂಡವು: ಸುಮಾರು ಒಂದು ಲಕ್ಷ, 41,000 ಮತ್ತು 23,000 ವರ್ಷಗಳವು. ಆ ಎರಡೂ ಕಂಬಗಳು ಬಂದದ್ದು ಹಿಂದೂ ಮಹಾಸಾಗರದ ದಕ್ಷಿಣ ಭಾಗದಿಂದ.

'ಹವಾಮಾನ ತಾನಾಗಿಯೇ ಬದಲಾಗುತ್ತದೆ, ಇದರಲ್ಲಿ ಮನುಷ್ಯನ ಪಾತ್ರವೇನಿಲ್ಲ' ಎನ್ನುವವರು ಇಲ್ಲಿಗೆ ಓದು ನಿಲ್ಲಿಸುತ್ತಾರೆ. ಲೆಕ್ಕ ಮುಂದೆಯೂ ಇದೆ. ಕಕ್ಷೆಯ ಬದಲಾವಣೆ ಬಿಸಿಲನ್ನು ಋತುಗಳ ನಡುವೆ, ಅಕ್ಷಾಂಶಗಳ ನಡುವೆ ಅತ್ತಿತ್ತ ಸರಿಸುತ್ತದೆ; ಭೂಮಿಗೆ ಇಡೀ ವರ್ಷದಲ್ಲಿ ಸಿಗುವ ಒಟ್ಟು ಬಿಸಿಲು ಬದಲಾಗುವುದು ತೀರ ಅಲ್ಪ. ಅಷ್ಟು ಅಲ್ಪ ಕಾರಣದಿಂದ ಭೂಮಿಯ ಸರಾಸರಿ ಉಷ್ಣತೆ ಐದರಿಂದ ಏಳು ಡಿಗ್ರಿ ಇಳಿಯಿತು. ಸುಮಾರು 21,000 ವರ್ಷಗಳ ಹಿಂದೆ, ಕೊನೆಯ ಹಿಮಯುಗ ಅದರ ಉತ್ತುಂಗದಲ್ಲಿದ್ದಾಗ, ಸಮುದ್ರದ ಮಟ್ಟ ಈಗಿಗಿಂತ 120 ಮೀಟರಿಗೂ ಕೆಳಗಿತ್ತು. ಮಂಗಳೂರಿನ ದಡ ಇಂದಿನ ಜಾಗದಿಂದ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು. ಸಣ್ಣ ತಳ್ಳು ಇಷ್ಟು ದೊಡ್ಡ ಉರುಳಾದದ್ದು ಎರಡು ಕಾರಣಗಳಿಂದ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಎಸೆದು ಚಳಿಯನ್ನು ಹೆಚ್ಚಿಸಿತು. ತಣ್ಣಗಾದ ಕಡಲು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡಿತು. ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ 280ರಿಂದ 190ರ ಆಸುಪಾಸಿಗೆ ಇಳಿಯಿತು. ಅಂಟಾರ್ಕ್ಟಿಕಾದ ಹಿಮಗಡ್ಡೆಯೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಇದನ್ನು ಎಂಟು ಲಕ್ಷ ವರ್ಷಗಳವರೆಗೆ ತೋರಿಸುತ್ತವೆ.

'ಅಲ್ಲಿ ಬಿಸಿ ಮೊದಲು ಏರಿತು, ಅನಿಲ ಆಮೇಲೆ ಏರಿತು' ಎಂಬ ವಾದವೂ ಇದೆ. ಅಂಟಾರ್ಕ್ಟಿಕಾದ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಆದರೆ ಜಗತ್ತಿನ ಬೇರೆ ಬೇರೆ ಕಡೆಯ ಪ್ಲವಕ ದಾಖಲೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಮಯುಗ ಕೊನೆಗೊಳ್ಳುವಾಗ ಜಾಗತಿಕ ಉಷ್ಣತೆ ಅನಿಲದ ಹಿಂದೆಯೇ ಏರಿದ್ದು ಕಂಡುಬಂತು. ಕಿಡಿ ಹೊತ್ತಿಸಿದ್ದು ಕಕ್ಷೆ, ಬೆಂಕಿಯನ್ನು ಹಬ್ಬಿಸಿದ್ದು ಅನಿಲ. ಇಂದು ಕಿಡಿಗೆ ಕಾಯುವ ಅಗತ್ಯವಿಲ್ಲದಂತೆ ನಾವು ಅನಿಲವನ್ನೇ ನೇರವಾಗಿ ಸುರಿಯುತ್ತಿದ್ದೇವೆ. ಅದು ಹತ್ತು ಲಕ್ಷಕ್ಕೆ 420ನ್ನು ದಾಟಿದೆ. ಹಿಮಯುಗದಿಂದ ಹೊರಬರುವಾಗ ಭೂಮಿ ಬೆಚ್ಚಗಾದದ್ದು ಸಾವಿರ ವರ್ಷಕ್ಕೆ ಅರ್ಧ ಡಿಗ್ರಿಯ ಆಸುಪಾಸಿನ ವೇಗದಲ್ಲಿ. ಈಗ ಒಂದು ಡಿಗ್ರಿಗೂ ಹೆಚ್ಚು ಏರಲು ಒಂದೂವರೆ ಶತಮಾನ ಸಾಕಾಯಿತು. ಆದ್ದರಿಂದ ಹಳೆಯ ಕಾಲದ ಏರಿಳಿತವನ್ನು ತೋರಿಸಿ ಸಮಾಧಾನ ಹೇಳುವುದು ನನಗೆ ಒಪ್ಪಿತವಲ್ಲ. ಆ ಏರಿಳಿತ ಹೇಳುತ್ತಿರುವುದು, ಈ ಭೂಮಿಯನ್ನು ಮೆಲ್ಲಗೆ ತಳ್ಳಿದರೂ ಅದು ಬಹಳ ದೂರ ಉರುಳುತ್ತದೆ ಎಂದು.

ತಜ್ಞರು ಒಪ್ಪದ ಕಡೆಗಳು

ಹಾಗೆಂದು ಎಲ್ಲವೂ ತೀರ್ಮಾನವಾಗಿದೆ ಎಂದಲ್ಲ. ಉಷ್ಣವಲಯದ ಕಡಲು ಹಿಮಯುಗದಲ್ಲಿ ಎಷ್ಟು ತಣ್ಣಗಾಯಿತು ಎಂಬ ಪ್ರಶ್ನೆಯನ್ನೇ ನೋಡಿ. 1970ರ ದಶಕದಲ್ಲಿ ಕ್ಲೈಮ್ಯಾಪ್ ಎಂಬ ದೊಡ್ಡ ಯೋಜನೆಯಲ್ಲಿ ಜಗತ್ತಿನ ಕಡಲುಗಳ ಪ್ಲವಕಗಳನ್ನು ಎಣಿಸಿ ಹಿಮಯುಗದ ನಕ್ಷೆ ಬರೆದರು. ಅದರಲ್ಲಿ ಉಷ್ಣವಲಯದ ಬಹುಭಾಗ ಎರಡು ಡಿಗ್ರಿಯೂ ಇಳಿದಿರಲಿಲ್ಲ. ಪರ್ವತಗಳನ್ನು ಓದುವವರು ಇದನ್ನು ನಂಬಲಿಲ್ಲ. ನ್ಯೂಗಿನಿ, ಹವಾಯಿ, ಆಂಡಿಸ್‌ಗಳಲ್ಲಿ ಹಿಮರೇಖೆ ಸುಮಾರು 900 ಮೀಟರ್ ಕೆಳಗಿಳಿದ ಗುರುತುಗಳಿದ್ದವು. ಅದಕ್ಕೆ ಐದು ಡಿಗ್ರಿಯಷ್ಟು ತಂಪು ಬೇಕು. ಬುಡದ ಕಡಲು ಬೆಚ್ಚಗೇ ಉಳಿದು ತಲೆಯ ಮೇಲಿನ ಬೆಟ್ಟ ಮಾತ್ರ ಇಷ್ಟು ತಣ್ಣಗಾಗುವುದು ಹೇಗೆ?

ಈ ಜಗಳಕ್ಕೆ ಇಂದಿನ ಮಟ್ಟಿಗೆ ಬೆಲೆಯಿದೆ. ಅನಿಲ ಇಳಿದಾಗ ಉಷ್ಣವಲಯ ತಣ್ಣಗಾದದ್ದು ಕಡಿಮೆ ಎಂದಾದರೆ, ಅನಿಲ ಏರಿದಾಗ ಬಿಸಿಯಾಗುವುದೂ ಕಡಿಮೆ ಎಂದು ವಾದಿಸಬಹುದು. ಕ್ಲೈಮ್ಯಾಪ್ ನಕ್ಷೆಯನ್ನು ಹಿಡಿದು ಹಾಗೆ ವಾದಿಸಿದವರಿದ್ದರು. ಮೆಗ್ನೀಸಿಯಂ ಮತ್ತು ಮೇಣದ ಅಣುಗಳ ಲೆಕ್ಕ ಬಂದ ಮೇಲೆ ಉಷ್ಣವಲಯದ ಕಡಲೂ ಎರಡರಿಂದ ನಾಲ್ಕು ಡಿಗ್ರಿಯಷ್ಟು ಇಳಿದಿತ್ತು ಎಂಬ ಕಡೆಗೆ ತಕ್ಕಡಿ ವಾಲಿತು. ಎಮಿಲಿಯಾನಿಯವರ ಆರು ಡಿಗ್ರಿ ಅತಿಯಾಗಿತ್ತು, ಕ್ಲೈಮ್ಯಾಪ್‌ನ ಲೆಕ್ಕ ತೀರ ಕಡಿಮೆಯಾಗಿತ್ತು. 2020ರಲ್ಲಿ ಜೆಸಿಕಾ ಟಿಯರ್ನಿ ಮತ್ತು ಸಂಗಡಿಗರು ಇಂಥ ದಾಖಲೆಗಳನ್ನು ಹವಾಮಾನ ಮಾದರಿಗಳೊಂದಿಗೆ ಬೆಸೆದು, ಇಡೀ ಭೂಮಿ ಆಗ ಸುಮಾರು ಆರು ಡಿಗ್ರಿ ತಂಪಾಗಿತ್ತು ಎಂದು ಲೆಕ್ಕ ಕೊಟ್ಟರು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಸುಮಾರು ಮೂರು ಡಿಗ್ರಿ ಬಿಸಿಯಾಗುತ್ತದೆ, ಎರಡೂವರೆಯಿಂದ ನಾಲ್ಕು ಡಿಗ್ರಿಯೊಳಗೆ ಅದು ಇರುವ ಸಾಧ್ಯತೆ ಹೆಚ್ಚು ಎಂದು ತೀರ್ಮಾನಿಸುವಾಗ ಹಿಮಯುಗದ ಈ ಸಾಕ್ಷಿಯನ್ನೂ ತೂಗಿ ನೋಡಿತು.

ಇನ್ನು ಆ ತಲೆಬರಹಕ್ಕೆ ಬರೋಣ. ಅದರಲ್ಲಿ ಒಂದು ದೋಷವಿದೆ, ಅದನ್ನು ಮುಚ್ಚಿಡಬಾರದು. ಕಡಲ ತಳದಲ್ಲಿ ಹುಳುಗಳು ಮೇಲಿನ ಹಲವು ಸೆಂಟಿಮೀಟರ್ ಕೆಸರನ್ನು ಉತ್ತು ಬೆರೆಸುತ್ತಲೇ ಇರುತ್ತವೆ. ಹಾಗಾಗಿ ಒಂದು ಚೂರು ಕೆಸರಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ವರ್ಷಗಳ ಚಿಪ್ಪು ಕಲಸಿರುತ್ತದೆ. ಒಂದು ಲಕ್ಷ ವರ್ಷದ ಹಿಂದಿನ ಯಾವುದೋ ಒಂದೇ ವರ್ಷ 2023ರಷ್ಟು ಬಿಸಿಯಾಗಿತ್ತೇ ಎಂಬುದನ್ನು ಚಿಪ್ಪು ಹೇಳಲಾರದು. ಐಪಿಸಿಸಿ ಹೇಳಿದ್ದು ಎಚ್ಚರದ ಮಾತು: 2011ರಿಂದ 2020ರ ದಶಕದ ಸರಾಸರಿಯು ಸುಮಾರು 6,500 ವರ್ಷಗಳ ಹಿಂದಿನ ಬೆಚ್ಚನೆಯ ಶತಮಾನಗಳ ಮಟ್ಟವನ್ನೂ ಮೀರಿದೆ, ಅದಕ್ಕೂ ಹಿಂದೆ ಇಷ್ಟು ಬೆಚ್ಚಗಿದ್ದ ಕಾಲ ಎಂದರೆ ಸುಮಾರು 1,25,000 ವರ್ಷಗಳ ಹಿಂದಿನ ಅಂತರ-ಹಿಮಯುಗ, ಎಂದರೆ ಎರಡು ಹಿಮಯುಗಗಳ ನಡುವಿನ ಬೆಚ್ಚನೆಯ ಕಾಲ. ಆ 6,500 ವರ್ಷದ ಹಿಂದಿನ ಬೆಚ್ಚನೆಯ ಬಗ್ಗೆಯೂ ವಾದವಿದೆ. ಚಿಪ್ಪುಗಳು ಬೇಸಿಗೆಯಲ್ಲೇ ಹೆಚ್ಚು ಬೆಳೆದಿದ್ದರೆ ಅವು ಹೇಳುವುದು ಬೇಸಿಗೆಯ ಬಿಸಿಯನ್ನು, ವರ್ಷದ ಸರಾಸರಿಯನ್ನಲ್ಲ ಎಂದು ಒಂದು ಪಕ್ಷ ಹೇಳುತ್ತದೆ. ಅದು ನಿಜವಾದರೆ ಇಂದಿನ ಬಿಸಿ ಇನ್ನಷ್ಟು ಅಪರೂಪದ್ದಾಗುತ್ತದೆ. ಒಟ್ಟಿನಲ್ಲಿ 'ಈ ವರ್ಷ' ಎಂದದ್ದು ಆತುರದ ಮಾತು, 'ಈ ಕಾಲ' ಎಂದರೆ ಸರಿ. ಆ ಅಂತರ-ಹಿಮಯುಗದಲ್ಲಿ ಸಮುದ್ರದ ಮಟ್ಟ ಈಗಿಗಿಂತ ಐದರಿಂದ ಹತ್ತು ಮೀಟರ್ ಎತ್ತರವಿತ್ತು ಎಂಬುದು ಆ ತಲೆಬರಹಕ್ಕಿಂತ ಹೆಚ್ಚು ಯೋಚಿಸಬೇಕಾದ ಸಂಗತಿ.

ಮುಂಗಾರು ಬರೆದಿಟ್ಟ ಲೆಕ್ಕ

ಮಲೆನಾಡಿನವರಿಗೆ ಡಿಗ್ರಿಗಿಂತ ಮಳೆ ಮುಖ್ಯ. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂಬ ಗಾದೆ ಹುಟ್ಟಿದ ನೆಲ ಇದು. ಇಲ್ಲಿಯೂ ಒಂದು ಪ್ಲವಕ ಮಾತನಾಡುತ್ತದೆ. ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ ಜಾತಿ ಸಾಮಾನ್ಯವಾಗಿ ತಣ್ಣನೆಯ ಕಡಲಿನದು. ಆದರೂ ಅದು ಬಿಸಿಯಾದ ಅರಬ್ಬಿ ಸಮುದ್ರದಲ್ಲಿ, ಒಮಾನ್ ಕರಾವಳಿಯ ಬಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾಶಿರಾಶಿಯಾಗಿ ಬೆಳೆಯುತ್ತದೆ. ನೈರುತ್ಯ ಮಾರುತ ಬಲವಾಗಿ ಬೀಸಿದಾಗ ಮೇಲಿನ ನೀರು ದಡದಿಂದ ದೂರ ಸರಿದು, ಆಳದ ತಣ್ಣನೆಯ ಪೋಷಕಾಂಶ ತುಂಬಿದ ನೀರು ಮೇಲೇಳುವುದು ಇದಕ್ಕೆ ಕಾರಣ. ಅದೇ ಗಾಳಿ ಕಡಲು ದಾಟಿ ಬಂದು ಪಶ್ಚಿಮ ಘಟ್ಟಕ್ಕೆ ಬಡಿದಾಗ ಮೂಡಿಗೆರೆಯಲ್ಲಿ, ಶೃಂಗೇರಿಯಲ್ಲಿ, ಸಕಲೇಶಪುರದಲ್ಲಿ ಮಳೆ ಹಿಡಿಯುತ್ತದೆ. ಹಾಗಾಗಿ ಒಮಾನ್ ಬಳಿಯ ಕೆಸರಿನಲ್ಲಿ ಈ ಚಿಪ್ಪು ಹೆಚ್ಚಾದ ಪದರ ಎಂದರೆ ಮುಂಗಾರು ಗಾಳಿ ಬಲವಾಗಿದ್ದ ಕಾಲ.

ಆ ಎಣಿಕೆಯಲ್ಲಿ ಕಂಡದ್ದು ಇದು. ಹಿಮಯುಗದ ಉತ್ತುಂಗದಲ್ಲಿ ನೈರುತ್ಯ ಮಾರುತ ಸೊರಗಿತ್ತು. ಸುಮಾರು 9,000 ವರ್ಷಗಳ ಹಿಂದೆ ಉತ್ತರಾರ್ಧದ ಬೇಸಿಗೆಗೆ ಹೆಚ್ಚು ಬಿಸಿಲು ಸಿಗುತ್ತಿದ್ದಾಗ ಅದು ಇಂದಿಗಿಂತ ಬಲವಾಗಿತ್ತು. ಐಐಟಿ ಖರಗ್‌ಪುರದ ಅನಿಲ್ ಗುಪ್ತ ಮತ್ತು ಸಂಗಡಿಗರು 2003ರಲ್ಲಿ ಇದೇ ಚಿಪ್ಪಿನ ಎಣಿಕೆಯಿಂದ, ಉತ್ತರ ಅಟ್ಲಾಂಟಿಕ್ ತಣ್ಣಗಾದ ಅವಧಿಗಳಲ್ಲೆಲ್ಲ ನಮ್ಮ ಮುಂಗಾರೂ ಕುಗ್ಗಿದ್ದನ್ನು ತೋರಿಸಿದರು. ನೆಲದ ಮೇಲಿನ ಸಾಕ್ಷಿಯೂ ಇದಕ್ಕೆ ಹೊಂದುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ನೀಲಗಿರಿಯ ಜೌಗು ಮಣ್ಣಿನ ಇಂಗಾಲವನ್ನು ಅಳೆದಾಗ, ಸುಮಾರು 20,000 ವರ್ಷಗಳ ಹಿಂದೆ ಒಣಹವೆಗೆ ಒಗ್ಗುವ ಹುಲ್ಲು ಮೇಲುಗೈ ಪಡೆದಿದ್ದು ಕಂಡಿತು. ಬಾಬಾಬುಡನ್‌ಗಿರಿ, ಕುದುರೆಮುಖಗಳಲ್ಲಿ ಬೋಳುಗುಡ್ಡದ ಹುಲ್ಲು ಮತ್ತು ಕಣಿವೆಯ ಶೋಲಾ ಕಾಡು ಅಕ್ಕಪಕ್ಕದಲ್ಲೇ ಇರುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆ ಮತ್ತು ಚಳಿ ತುಸು ಬದಲಾದರೂ ಹುಲ್ಲು ಮತ್ತು ಕಾಡಿನ ನಡುವಿನ ಗಡಿ ಸರಿಯುತ್ತದೆ.

ಆದರೆ ಗಾಳಿ ಬಲವಾಗಿದ್ದ ಮಾತ್ರಕ್ಕೆ ಮಳೆಯೂ ಹೆಚ್ಚಿತ್ತೇ? ಇದೇ ಇಂದಿನ ಜೀವಂತ ವಿವಾದ. ಅರಬ್ಬಿ ಸಮುದ್ರದ ದಾಖಲೆಗಳಲ್ಲಿ ಮುಂಗಾರಿನ ಶಿಖರ ಬಿಸಿಲಿನ ಶಿಖರಕ್ಕಿಂತ ಸಾವಿರಾರು ವರ್ಷ ತಡವಾಗಿ ಬರುತ್ತದೆ. ಚೀನಾದ ಗುಹೆಗಳ ಸುಣ್ಣದ ಕಂಬಗಳಲ್ಲಿ ಅಷ್ಟು ತಡವೇ ಇಲ್ಲ. ಹಾಗಾಗಿ ಮುಂಗಾರಿನ ಚುಕ್ಕಾಣಿ ಬಿಸಿಲಿನ ಕೈಯಲ್ಲಿದೆಯೋ, ಹಿಮ ಮತ್ತು ಅನಿಲದ ಕೈಯಲ್ಲಿದೆಯೋ ಎಂಬ ಪ್ರಶ್ನೆ ಎದ್ದಿತು. ಗಾಳಿಯನ್ನು ಬಿಟ್ಟು ಮಳೆಯನ್ನೇ ಅಳೆಯಲು ಹೊರಟದ್ದು ಬಂಗಾಳ ಕೊಲ್ಲಿಯ ಕಡೆಗೆ. 2014ರ ಕೊನೆಯಲ್ಲಿ ಹೊರಟ ಅಂತರರಾಷ್ಟ್ರೀಯ ಕೊರೆತ ಯಾನವು ಮಹಾನದಿಯ ಮುಖದ ಆಚೆ ತೆಗೆದ ಕಂಬದಿಂದ ಸ್ಟೀವನ್ ಕ್ಲೆಮೆನ್ಸ್ ಮತ್ತು ಸಂಗಡಿಗರು ಒಂಬತ್ತು ಲಕ್ಷ ವರ್ಷಗಳ ಮಳೆಯ ಲೆಕ್ಕ ತೆಗೆದು 2021ರಲ್ಲಿ ಪ್ರಕಟಿಸಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ, ಹಿಮ ಕಡಿಮೆಯಾದಾಗ, ದಕ್ಷಿಣದಿಂದ ತೇವ ಹೆಚ್ಚು ಬಂದಾಗ ಮುಂಗಾರು ಮಳೆ ಹೆಚ್ಚಿತ್ತು ಎಂಬುದು ಅವರ ನಿಲುವು. ಈ ಶತಮಾನದಲ್ಲಿ ಮಳೆ ಹೆಚ್ಚುತ್ತದೆ ಎಂದು ಹವಾಮಾನ ಮಾದರಿಗಳು ಹೇಳುತ್ತಿರುವುದಕ್ಕೆ ಇದು ಬೆಂಬಲ.

ತೋಟಕ್ಕೆ ಏನಾಗಬಹುದು

ಮಳೆ ಹೆಚ್ಚುತ್ತದೆ ಎಂದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಇಲ್ಲಿ ಎರಡು ವಿಷಯ ಬಿಡಿಸಿ ಹೇಳಬೇಕು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಏಷ್ಯಾದ ಮುಂಗಾರು ಕುಗ್ಗಿತ್ತು. ಹೊಗೆ, ಧೂಳು, ಗಂಧಕದ ಕಣಗಳು ಬಿಸಿಲನ್ನು ತಡೆದದ್ದು ಇದಕ್ಕೆ ಮುಖ್ಯ ಕಾರಣ ಎಂದು ಐಪಿಸಿಸಿ ಹೇಳುತ್ತದೆ. 'ಬಿಸಿ ಹೆಚ್ಚಿದರೆ ಮಳೆ ಹೆಚ್ಚಬೇಕಿತ್ತು, ನಮ್ಮಲ್ಲಿ ಕಡಿಮೆಯಾಯಿತಲ್ಲ' ಎಂಬ ಗೊಂದಲಕ್ಕೆ ಉತ್ತರ ಇಲ್ಲಿದೆ. ಎರಡು ಬಲಗಳು ಎದುರುಬದುರು ಎಳೆಯುತ್ತಿದ್ದವು. ಹೊಗೆ ಕೆಲವು ವಾರಗಳಲ್ಲಿ ನೆಲಕ್ಕಿಳಿಯುತ್ತದೆ, ಅನಿಲ ಶತಮಾನಗಳ ಕಾಲ ಉಳಿಯುತ್ತದೆ; ಕೊನೆಗೆ ಗೆಲ್ಲುವುದು ಯಾವುದು ಎಂಬುದರಲ್ಲಿ ಅನುಮಾನವಿಲ್ಲ.

ಇನ್ನೊಂದು, ಮಳೆಯ ಒಟ್ಟು ಮೊತ್ತ ಬೇರೆ, ಅದು ಬೀಳುವ ಬಗೆ ಬೇರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದದ್ದನ್ನು ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. ಜಡಿಮಳೆ ಹದವಾಗಿ ಹಂಚಿ ಬರುವ ಬದಲು ನಾಲ್ಕು ದಿನದಲ್ಲಿ ತಿಂಗಳ ಮಳೆ, ಆಮೇಲೆ ಬಿಸಿಲು. ಕಾಫಿಯ ಇಡೀ ವರ್ಷದ ಫಸಲು ನಿಂತಿರುವುದು ಹೂ ಅರಳಿಸುವ ಮಾರ್ಚ್-ಏಪ್ರಿಲ್‌ನ ಹೂಮಳೆಯ ಮೇಲೆ; ಅದು ಒಂದು ವಾರ ಹಿಂದುಮುಂದಾದರೂ ಪೆಟ್ಟು. ಮಳೆ ಬಿಡದೆ ಹಿಡಿದರೆ ಕೊಳೆರೋಗ, ಕಾಯಿ ಉದುರುವಿಕೆ, ಮೆಣಸಿನ ಬಳ್ಳಿಗೆ ಸೊರಗು ರೋಗ. ಬಿಸಿಲು ಹೆಚ್ಚಿದರೆ ಅರೇಬಿಕಾಗೆ ಕಾಂಡಕೊರಕ. ಕಡಲ ತಳದ ಚಿಪ್ಪು ಈ ವಾರಗಳ ಲೆಕ್ಕ ಕೊಡಲಾರದು. ಹುಳು ಉತ್ತ ಕೆಸರಿನಲ್ಲಿ ಹೂಮಳೆ ಕಾಣುವುದಿಲ್ಲ. ಆ ಲೆಕ್ಕ ಇರುವುದು ತಲೆಮಾರುಗಳಿಂದ ತೋಟದ ಮನೆಗಳಲ್ಲಿ ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಮಳೆ ಪುಸ್ತಕಗಳಲ್ಲಿ. ಚಿಪ್ಪು ದೊಡ್ಡ ದಿಕ್ಕನ್ನು ಹೇಳುತ್ತದೆ, ಪುಸ್ತಕ ದಿನದಿನದ ನಡೆಯನ್ನು. ಹಳೆಯ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಒಟ್ಟುಗೂಡಿಸಿ ಅಂಕಿಗಳಾಗಿ ಉಳಿಸಿಕೊಳ್ಳುವ ಕೆಲಸ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತುರ್ತಾಗಿ ಆಗಬೇಕು.

ಕಡಲಿನ ಕಡೆಯ ಕೆಲಸಕ್ಕೂ ಈಗ ಅಡ್ಡಿ ಬಂದಿದೆ. ಬಂಗಾಳ ಕೊಲ್ಲಿಯ ಕಂಬಗಳನ್ನೂ, 2015ರಲ್ಲಿ ಅರಬ್ಬಿ ಸಮುದ್ರದ ಲಕ್ಷ್ಮಿ ಜಲಾನಯನದ ಕಂಬಗಳನ್ನೂ ತೆಗೆದ ಜೋಯ್ಡಿಸ್ ರೆಸಲ್ಯೂಷನ್ ಎಂಬ ಹಡಗಿಗೆ ಅಮೆರಿಕ ಹಣ ಮುಂದುವರಿಸಲಿಲ್ಲ. 2024ರಲ್ಲಿ ಅದರ ಯಾನಗಳು ನಿಂತವು. ಹಿಂದೂ ಮಹಾಸಾಗರದಿಂದ ತೆಗೆದ ಕೆಸರಿನ ಕಂಬಗಳು ಜಪಾನಿನ ಕೋಚಿ ನಗರದ ಭಂಡಾರದಲ್ಲಿ, ಶೀತಕೋಣೆಗಳಲ್ಲಿ, ಅರ್ಧಕ್ಕೆ ಸೀಳಿ ಅಡ್ಡಡ್ಡ ಜೋಡಿಸಿದ ಕೊಳವೆಗಳಾಗಿ ಮಲಗಿವೆ. ಸಂಶೋಧಕರು ಅರ್ಜಿ ಹಾಕಿ ಅಲ್ಲಿಂದ ಕೆಲವು ಘನ ಸೆಂಟಿಮೀಟರ್ ಕೆಸರು ತರಿಸಿಕೊಳ್ಳಬಹುದು. ಅದನ್ನು ಜರಡಿ ಹಿಡಿದು, ಕುಂಚದ ತುದಿ ಒದ್ದೆ ಮಾಡಿ, ಮತ್ತೆ ಒಂದರಿಂದ ಎಣಿಸಬೇಕು.